ಕಾಗದದ ಓಲೆಯೂ ಕಾಣದ ದಲಾಲಿಯೂ

ಗಿರಣಿಯ ಸೋದರರೆ, ಅಂಗಡಿಕಾರ ಬಂಧುಗಳೆ,

ಕಾಗದದ ಪಟ್ಟಿ ಸುತ್ತಿ ಮಾಡಿದ ಓಲೆ, ಮಣಿ ಪೋಣಿಸಿದ ಸರ, ಇವನ್ನು ಮನೆಯಲ್ಲೇ ಮಾಡಿ ಅಂತರ್ಜಾಲದಲ್ಲಿ ಮಾರಿದರೆ ದಲಾಲಿಯ ಕಾಟ ತಪ್ಪಿತೆಂದು ನಮ್ಮ ಅಕ್ಕತಂಗಿಯರು ನಂಬಿದ್ದಾರೆ. ನಾವೂ ನಂಬಿದ್ದೆವು. ಅಮೆರಿಕದ ಕತೆ ಕೇಳಿ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2005ರಲ್ಲಿ ಎಟ್ಸಿ ಎಂಬ ಅಂತರ್ಜಾಲದ ಸಂತೆ ಹುಟ್ಟಿತು. ಮುಖ್ಯವಾಗಿ ಕೈಕಸುಬಿನವರ ಸಂತೆ. 2015ರಲ್ಲಿ ಷೇರುಪೇಟೆಗೆ ಇಳಿಯಿತು. ಮಾರಾಟದ ಕಮಿಷನ್ ನೂರಕ್ಕೆ 3.5 ಇದ್ದದ್ದು 2018ರಲ್ಲಿ 5 ಆಯಿತು. 2022ರ ಏಪ್ರಿಲಿನಲ್ಲಿ 6.5. ಅಂಚೆವೆಚ್ಚದ ಮೇಲೂ ಅದೇ ದರ! ಅಂಚೆಗೆ ಕೊಡುವ ಕಾಸಿನಲ್ಲಿ ಇವರದೇನು ಪಾಲು?

2022ರ ದರದಲ್ಲಿ ಲೆಕ್ಕ ಹಾಕೋಣ. ಓಲೆಗೆ 20 ಡಾಲರ್, ಅಂಚೆವೆಚ್ಚ ಬಿಡಿ. ಸಾಮಾನನ್ನು ಪಟ್ಟಿಗೆ ಹಾಕಲು 20 ಸೆಂಟು. ನಾಲ್ಕು ತಿಂಗಳಲ್ಲಿ ಬಿಕರಿಯಾಗದಿದ್ದರೆ ಮತ್ತೆ 20. ಕಮಿಷನ್ 1 ಡಾಲರ್ 30 ಸೆಂಟು. ಹಣ ಸಂದಾಯ ಮಾಡಿಸಿಕೊಟ್ಟದ್ದಕ್ಕೆ 85 ಸೆಂಟು. ಗಿರಾಕಿ ಅವರ ಹೊರಜಾಹೀರಾತು ನೋಡಿ ಬಂದಿದ್ದರೆ ಸಣ್ಣವರಿಂದ ನೂರಕ್ಕೆ 15, ಅಂದರೆ ಇನ್ನೂ 3 ಡಾಲರ್. ಒಟ್ಟು 5 ಡಾಲರ್ 35 ಸೆಂಟು. ಮಣಿ, ಗೋಂದು, ಕಣ್ಣುನೋವು ಬೇರೆ.

2022ರ ಏಪ್ರಿಲ್ 11ರಿಂದ ಒಂದು ವಾರ ಸಾವಿರಾರು ಮಂದಿ ತಮ್ಮ ಅಂಗಡಿಗೆ ರಜೆಯ ಬೋರ್ಡು ಹಾಕಿ ಮುಷ್ಕರ ಹೂಡಿದರು. ಒಬ್ಬರ ಮುಖ ಒಬ್ಬರು ಕಾಣದವರು. ಕೂಡಿ ನಿಲ್ಲಲು ಗಿರಣಿಯ ಗೇಟೂ ಇಲ್ಲದವರು! ದರ ಇಳಿಯಲಿಲ್ಲ. ಆದರೆ ಮಾರಾಟಗಾರರ ಸಂಘವೊಂದು ಅದರಿಂದ ಹುಟ್ಟಿತು.

ಹಾಗಾದರೆ ಮಾರಬಾರದೆ? ಮಾರಬೇಕು, ಈ ಲೆಕ್ಕವನ್ನೆಲ್ಲ ಸೇರಿಸಿಯೇ ಬೆಲೆ ಕಟ್ಟಬೇಕು. ಜೊತೆಗೆ ಅಂಗಡಿಕಾರ ಬಂಧುಗಳು ಗಾಜಿನ ಕಪಾಟಿನಲ್ಲಿ ಒಂದು ಮೂಲೆ ಬಿಟ್ಟುಕೊಡಬೇಕು. ಯಾರು ಬಿಡುತ್ತೀರಿ, ಸಭೆ ಮುಗಿದೊಡನೆ ಹೆಸರು ಬರೆಸಿ.