ಫಿಟ್ಸ್ ಮಾತ್ರೆ ಮತ್ತು ಹೊಟ್ಟೆಯೊಳಗಿನ ಮಗು



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಅದನ್ನು ಇಲ್ಲಿ ಕೂತಿರುವ ಮಕ್ಕಳೇ ನನಗಿಂತ ಚೆನ್ನಾಗಿ ಬಲ್ಲರು. ಹಾಗಾಗಿ ಅವರನ್ನು ಕೇಳಿಯೇ ವಿಷಯ ಬದಲಿಸಿಕೊಂಡೆ. ನಾನು ಡಾಕ್ಟರಲ್ಲ, ಬಿ.ಇ. ಓದಿದವನು. ಆದರೆ ಇದು ತಾಳ್ಮೆಯಿಂದ ಲೆಕ್ಕ ಇಟ್ಟು ತಿಳಿದುಕೊಂಡ ಸಂಗತಿ, ಅದಕ್ಕೇ ನನ್ನ ಮನಸ್ಸಿಗೆ ಹಿಡಿಯಿತು.

ನಮ್ಮ ಕಡೆ ಹೆಣ್ಣುಮಗಳಿಗೆ ಫಿಟ್ಸ್ ಇದ್ದರೆ ಅದು ಮುಚ್ಚಿಡುವ ಮಾತು. ಮದುವೆಯಾದ ಮೇಲೆ ಮಾತ್ರೆಯನ್ನೂ ಬಚ್ಚಿಟ್ಟು ನುಂಗಬೇಕು. ಬಸುರಿಯಾದಳೆಂದರೆ ‘ಮಗುವಿಗೆ ತೊಂದರೆ’ ಎಂದು ಮನೆಯವರೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. ನನ್ನ ಜೊತೆ ಓದಿದ ಒಬ್ಬಳಿಗೆ ಹೀಗೇ ಆಯಿತು. ಏಳನೇ ತಿಂಗಳಲ್ಲಿ ಫಿಟ್ಸ್ ಬಂದು ಬಚ್ಚಲಲ್ಲಿ ಬಿದ್ದಳು. ಅವಳು ಉಳಿದಳು, ಮಗು ಉಳಿಯಲಿಲ್ಲ. ಹೆಸರು ಬೇಡ; ಅವಳನ್ನು ಕೇಳಿಯೇ ಇಷ್ಟು ಹೇಳುತ್ತಿದ್ದೇನೆ.

ಮನೆಯವರ ಭಯ ಪೂರ್ತಿ ಸುಳ್ಳಲ್ಲ, ತೊಡಕು ಇರುವುದೇ ಅಲ್ಲಿ. ಕೆಲವು ಮಾತ್ರೆಗಳು ಮಗುವಿಗೆ ತಾಗುತ್ತವೆ. ಯಾವುದು ತಾಗುತ್ತದೆ, ಎಷ್ಟು ತಾಗುತ್ತದೆ? ಇದನ್ನು ಹಿಡಿದು ಕೂತವರು ಅಮೆರಿಕದ ನರರೋಗ ತಜ್ಞ ಕಿಂಫೋರ್ಡ್ ಮೀಡರ್. ಬಸುರಿಯರಿಗೆ ಚೀಟಿ ಎತ್ತಿ ‘ನಿನಗೆ ಈ ಮಾತ್ರೆ, ಅವಳಿಗೆ ಆ ಮಾತ್ರೆ’ ಎಂದು ಪ್ರಯೋಗ ಮಾಡುವಂತಿಲ್ಲ. ಆದ್ದರಿಂದ ಮೀಡರ್ ಮತ್ತು ಜೊತೆಗಾರರು 1999ರಿಂದ 2004ರವರೆಗೆ, ಅಮೆರಿಕ ಮತ್ತು ಬ್ರಿಟನ್ನಿನ 25 ಕೇಂದ್ರಗಳಲ್ಲಿ, ಆಗಲೇ ಒಂದೇ ಮಾತ್ರೆ ತೆಗೆದುಕೊಳ್ಳುತ್ತಿದ್ದ ಬಸುರಿಯರನ್ನು ಸೇರಿಸಿಕೊಂಡರು. ಮಾತ್ರೆಗಳು ನಾಲ್ಕು: ಕಾರ್ಬಮೆಜಪಿನ್, ಲಾಮೊಟ್ರಿಜಿನ್, ಫೆನಿಟಾಯಿನ್, ವಾಲ್ಪ್ರೋಯೇಟ್. ಹುಟ್ಟಿದ ಮಕ್ಕಳನ್ನು ಆರು ವರ್ಷ ತುಂಬುವವರೆಗೂ ಬಿಡದೆ ನೋಡಿದರು. ತಾಯಿಯ ಬುದ್ಧಿಮತ್ತೆಯನ್ನೂ ಅಳೆದರು, ಯಾಕೆಂದರೆ ಮಗುವಿನದು ಅದನ್ನೂ ಅವಲಂಬಿಸುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಎಲ್ಲ ತಪ್ಪನ್ನೂ ಮಾತ್ರೆಯ ತಲೆಗೆ ಕಟ್ಟಿದಂತಾಗುತ್ತಿತ್ತು. ನಮ್ಮ ಕಸುಬಿನಲ್ಲಿ ಇಷ್ಟು ತಾಳ್ಮೆ ಯಾರಿಗೂ ಇಲ್ಲ ಬಿಡಿ.

ಆರನೇ ವರ್ಷದಲ್ಲಿ ವಾಲ್ಪ್ರೋಯೇಟ್ ಗುಂಪಿನ ಮಕ್ಕಳ ಸರಾಸರಿ ಐಕ್ಯೂ 97. ಕಾರ್ಬಮೆಜಪಿನ್ ಗುಂಪಿನದು 105, ಉಳಿದೆರಡರದ್ದು 108. ವಾಲ್ಪ್ರೋಯೇಟ್ ಪ್ರಮಾಣ ಹೆಚ್ಚಾದಷ್ಟೂ ಪೆಟ್ಟು ಹೆಚ್ಚು. ಉಳಿದ ಮೂರರಲ್ಲಿ ಹಾಗೆ ಕಾಣಲಿಲ್ಲ. ಎಂಟು–ಹನ್ನೊಂದು ಅಂಕ ಎಂದರೆ ಸಣ್ಣದಲ್ಲ, ಮೇಷ್ಟ್ರುಗಳಿಗೆ ಅದು ಗೊತ್ತು. ಹಾಗೆಂದು ವಾಲ್ಪ್ರೋಯೇಟ್ ಕೆಟ್ಟ ಔಷಧಿಯಲ್ಲ. ಕೆಲವು ಬಗೆಯ ಫಿಟ್ಸ್‌ಗೆ ಅದರಷ್ಟು ಚೆನ್ನಾಗಿ ಬೇರೆ ಕೇಳುವುದಿಲ್ಲ. ಅದಕ್ಕೇ ಬದಲಾವಣೆ ಏನಿದ್ದರೂ ಬಸುರಿಯಾಗುವ ಮೊದಲೇ, ಡಾಕ್ಟರ ಕೈಯಲ್ಲೇ ಆಗಬೇಕು.

ಅದೇ ಅಧ್ಯಯನದಲ್ಲಿ ಇನ್ನೆರಡು ವಿಷಯ ಸಿಕ್ಕವು. ಗರ್ಭ ನಿಲ್ಲುವ ಹೊತ್ತಿಗೆ ಫೋಲಿಕ್ ಆಸಿಡ್ ತೆಗೆದುಕೊಳ್ಳುತ್ತಿದ್ದ ತಾಯಂದಿರ ಮಕ್ಕಳ ಸರಾಸರಿ 108, ತೆಗೆದುಕೊಳ್ಳದವರದ್ದು 101. ಮೂರು ತಿಂಗಳಾದ ಮೇಲೆ ನುಂಗಲು ಶುರುಮಾಡಿದರೆ ತಡವಾಯಿತು. ಇನ್ನೊಂದು, ಮಾತ್ರೆ ನುಂಗುತ್ತಲೇ ಎದೆಹಾಲು ಕುಡಿಸಿದವರ ಮಕ್ಕಳಿಗೆ ಕೆಡುಕೇನೂ ಕಾಣಲಿಲ್ಲ. ‘ಫಿಟ್ಸ್ ಮಾತ್ರೆಯ ಹಾಲು ವಿಷ’ ಎನ್ನುವ ಅಜ್ಜಿಯರು ಇದ್ದರೆ ದಯವಿಟ್ಟು ಕೇಳಿಸಿಕೊಳ್ಳಿ.

2020ರಲ್ಲಿ ಇವರದೇ ಇನ್ನೊಂದು ಅಧ್ಯಯನ ಹೊರಬಂತು. ಗರ್ಭಿಣಿಯರಲ್ಲಿ ಫಿಟ್ಸ್ ಹೆಚ್ಚಾದವರು ನೂರಕ್ಕೆ 23, ಗರ್ಭಿಣಿಯಲ್ಲದವರಲ್ಲಿ 25. ಹೆಚ್ಚುಕಡಿಮೆ ಒಂದೇ. ಆದರೆ ಗರ್ಭಿಣಿಯರಲ್ಲಿ ನೂರಕ್ಕೆ 74 ಜನರ ಮಾತ್ರೆಯ ಪ್ರಮಾಣವನ್ನು ಒಮ್ಮೆಯಾದರೂ ಬದಲಿಸಿದ್ದರು. ಅಂದರೆ ಅವರು ಡಾಕ್ಟರ ಕಣ್ಣಮುಂದೆ ಇದ್ದರು, ಮಾತ್ರೆ ಬಿಟ್ಟಿರಲಿಲ್ಲ.

ಇದೆಲ್ಲ ದೂರದ ದೇಶದ ಮಾತು ಎನ್ನಬೇಡಿ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಸಂಜೀವ್ ಥಾಮಸ್ 1998ರಲ್ಲೇ ಇಂಥ ತಾಯಂದಿರ ದಾಖಲೆ ಇಡಲು ಆರಂಭಿಸಿದರು. ನಮಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ಅಪಸ್ಮಾರದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ನಮ್ಮ ಮನೆಗಳಲ್ಲಿ ಮಾತ್ರ ಅದು ಇನ್ನೂ ಉಳಿದಿದೆ.

ಈ ನಾಲ್ಕು ಔಷಧಿಗಳ ಹೆಸರನ್ನು ಕನ್ನಡದಲ್ಲಿ ಬರೆದು ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟಿದ್ದೇನೆ. ಮನೆಯಲ್ಲಿರುವ ಸ್ಟ್ರಿಪ್ಪಿನ ಹಿಂದೆ ಯಾವ ಹೆಸರಿದೆ ನೋಡಿ, ಅದನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ.