ಅಪ್ಪನ ಲ್ಯಾಪ್‌ಟಾಪ್ ಯಾಕೆ ನಿಧಾನ ಆಗಿತ್ತು? ಎಸ್‌ಎಸ್‌ಡಿ ಹಾಕೋ ಮುಂಚೆ ಮಾಡಬೇಕಾದ ಕೆಲಸ



ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕೋದು ಹೇಗೆ ಅಂತ ನಾನು ಇವತ್ತು ಮಾತಾಡ್ತೀನಿ. ಇದ್ರಲ್ಲಿ ಏನಿದೆ, ನಾಲ್ಕು ಸ್ಕ್ರೂ ಬಿಚ್ಚಿ ಹಾಕಿದ್ರಾಯ್ತು ಅಂತ ನಿಮಗನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಅದರಿಂದ ಆದ ನಷ್ಟ ಎಷ್ಟು ಅಂತ ಹೇಳೋಕೇ ಬಂದಿದೀನಿ.

ನಾನು ಪುಣೆಗೆ ಬಂದು ಎಂಟು ವರ್ಷ ಆಯ್ತು. ಆಫೀಸಲ್ಲಿ ಸ್ಟೋರೇಜ್ ಟೀಮ್‌ನಲ್ಲಿದೀನಿ. ಸರ್ವರ್‌ನ ಒಂದು ಡಿಸ್ಕ್ ಉತ್ತರ ಕೊಡೋದು ಸ್ವಲ್ಪ ತಡ ಆದ್ರೂ ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಬಡ್ಕೊಳ್ಳುತ್ತೆ, ನಾನು ಎದ್ದು ನೋಡ್ತೀನಿ. ಅಪ್ಪ ರಾಣೆಬೆನ್ನೂರಿನಲ್ಲಿದ್ದಾರೆ, ನಿವೃತ್ತ ಹೈಸ್ಕೂಲ್ ಮೇಷ್ಟ್ರು. 2015ರಲ್ಲಿ ನನ್ನ ಮೊದಲ ಸಂಬಳದಲ್ಲಿ ಅವರಿಗೊಂದು ಲ್ಯಾಪ್‌ಟಾಪ್ ಕೊಡಿಸಿದ್ದೆ. 1 ಟಿಬಿ ಹಾರ್ಡ್ ಡಿಸ್ಕ್, 4 ಜಿಬಿ ರ‍್ಯಾಮ್.

ಅವರು ಅದರಲ್ಲಿ ಮಾಡ್ತಿದ್ದ ಕೆಲಸ ಒಂದೇ. ಸುತ್ತಮುತ್ತಲ ಹಳ್ಳಿಗೆ ಹೋಗಿ ವಯಸ್ಸಾದವರ ಹತ್ತಿರ ಹಂತಿ ಪದ, ಬೀಸೋ ಪದ ಹಾಡಿಸಿ ಫೋನಲ್ಲಿ ರೆಕಾರ್ಡ್ ಮಾಡೋದು, ಮನೆಗೆ ಬಂದು ಲ್ಯಾಪ್‌ಟಾಪ್‌ಗೆ ಹಾಕಿ ನುಡಿಯಲ್ಲಿ ಟೈಪ್ ಮಾಡೋದು. ಫೋನ್ ತುಂಬಿದಾಗೆಲ್ಲ ಫೋನಿಂದ ಅಳಿಸಿಬಿಡೋದು. ಅಂದ್ರೆ ಆ ರೆಕಾರ್ಡಿಂಗ್‌ಗಳು ಇದ್ದದ್ದು ಒಂದೇ ಕಡೆ.

ಸುಮಾರು ಒಂದೂವರೆ ವರ್ಷ ಅಪ್ಪ ಫೋನಲ್ಲಿ ಒಂದೇ ಮಾತು ಹೇಳ್ತಿದ್ರು: “ಭಾಳ ತಡಾ ಮಾಡಾಕತ್ತೈತಪಾ ಇದು.” ನಾನೂ ಒಂದೇ ಉತ್ತರ ಕೊಡ್ತಿದ್ದೆ: “ರೀಸ್ಟಾರ್ಟ್ ಮಾಡ್ರಿ ಅಪ್ಪಾ.” ಆಮೇಲಾಮೇಲೆ ಅವರೇ, “ಇರಲಿ ಬಿಡು, ನನ್ನಂಗ ಅದಕ್ಕೂ ವಯಸ್ಸಾತು” ಅಂದು ಅದನ್ನ ತೆಗೆಯೋದೇ ಬಿಟ್ರು. ಮುಂದಿನ ಸಲ ಊರಿಗೆ ಬಂದಾಗ ಎಸ್‌ಎಸ್‌ಡಿ ಹಾಕ್ತೀನಿ ಅಂದಿದ್ದೆ. ಆ ಮುಂದಿನ ಸಲ ಯಾವಾಗ ಬರುತ್ತೆ ಅಂತ ಪರಊರಲ್ಲಿರೋ ನಿಮಗೆ ನಾನು ಹೇಳಬೇಕಾಗಿಲ್ಲ.

ಕಥೆ ಇಲ್ಲಿ ನಿಲ್ಲಿಸಿ, ಎಸ್‌ಎಸ್‌ಡಿಯಿಂದ ಅಷ್ಟೊಂದು ವ್ಯತ್ಯಾಸ ಯಾಕಾಗುತ್ತೆ ಅಂತ ನೋಡೋಣ. ಹಾರ್ಡ್ ಡಿಸ್ಕ್ ಅಂದ್ರೆ ಒಂಥರಾ ಗ್ರಾಮಾಫೋನ್. ತಟ್ಟೆ ತಿರುಗ್ತಿರುತ್ತೆ, ಅದರ ಮೇಲೆ ಒಂದು ತೋಳು ಓಡಾಡುತ್ತೆ. 1956ರಲ್ಲಿ ಐಬಿಎಂ ಮೊದಲ ಹಾರ್ಡ್ ಡಿಸ್ಕ್ ತಂದಾಗ ಅದರಲ್ಲಿ 24 ಇಂಚಿನ 50 ತಟ್ಟೆ ಇದ್ವು. ಗಾತ್ರ ಕುಗ್ಗಿದೆ, ತತ್ವ ಅದೇ. ಲ್ಯಾಪ್‌ಟಾಪ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ತೋಳಿನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಜೊತೆಗೆ ತೋಳು ಸರಿಯೋ ಸಮಯ. ಒಟ್ಟು 15 ಮಿಲಿಸೆಕೆಂಡ್ ಅಂದ್ಕೊಳ್ಳಿ. ಸೆಕೆಂಡಿಗೆ ಅರವತ್ತು ಎಪ್ಪತ್ತು ಕಡೆ ಹೋಗಿ ಬರಬಹುದು, ಅಷ್ಟೇ. ಕಂಪ್ಯೂಟರ್ ಶುರುವಾಗುವಾಗ ಓದಬೇಕಾಗಿರೋದು ಸಾವಿರಾರು ಸಣ್ಣ ಫೈಲ್. ಲೆಕ್ಕ ನೀವೇ ಹಾಕಿ.

ಎಸ್‌ಎಸ್‌ಡಿಯಲ್ಲಿ ತಿರುಗೋದೇ ಏನೂ ಇಲ್ಲ. ತೋಶಿಬಾದಲ್ಲಿದ್ದ ಫುಜಿಯೋ ಮಸುಯೋಕಾ 1980ರ ದಶಕದಲ್ಲಿ ಕಂಡುಹಿಡಿದ ಫ್ಲಾಶ್ ಮೆಮೊರಿ ಇದರ ಮೂಲ. ಯಾವ ಜಾಗಕ್ಕೆ ಹೋಗೋಕೂ 0.1 ಮಿಲಿಸೆಕೆಂಡ್ ಆಸುಪಾಸು, ಅಂದ್ರೆ ನೂರು ಪಟ್ಟಿಗಿಂತ ಹೆಚ್ಚು ವೇಗ. ಜಾಹೀರಾತಲ್ಲಿ ಕಾಣೋ ಸೆಕೆಂಡಿಗೆ 550 ಎಂಬಿ, 3500 ಎಂಬಿ ಅನ್ನೋದು ದೊಡ್ಡ ಫೈಲ್ ಒಂದೇ ಸಮ ಓದೋವಾಗಿನ ಮಾತು. ದಿನಬಳಕೆಯಲ್ಲಿ ನಮಗೆ ಗೊತ್ತಾಗೋದು ಈ 0.1 ಮಿಲಿಸೆಕೆಂಡ್. ಹಾಗಾಗಿ ಹಳೇ ಲ್ಯಾಪ್‌ಟಾಪ್‌ಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಧಾರಾಳ ಸಾಕು. ಎಂ.2 ಸ್ಲಾಟ್ ಇದ್ರೆ, ಅದು ಸಾಟಾ ತಗೊಳ್ಳುತ್ತೋ ಎನ್‌ವಿಎಂಇ ತಗೊಳ್ಳುತ್ತೋ ಅಂತ ನೋಡಿ ಕೊಂಡ್ಕೊಳ್ಳಿ. ನೋಡೋಕೆ ಎರಡೂ ಒಂದೇ ಥರ ಇರುತ್ತೆ.

ಈಗ ಕಥೆಗೆ ಬರ್ತೀನಿ. 2025ರ ದೀಪಾವಳಿ. ಪುಣೆಯಿಂದ ರಾತ್ರಿ ಬಸ್ ಹತ್ತಿದೆ. ಬ್ಯಾಗಲ್ಲಿ 500 ಜಿಬಿ ಎಸ್‌ಎಸ್‌ಡಿ, ಯುಎಸ್‌ಬಿ-ಸಾಟಾ ಕೇಬಲ್, ಸಣ್ಣ ಸ್ಕ್ರೂಡ್ರೈವರ್. ಮನೆಗೆ ಹೋಗಿ ಚಹಾ ಕುಡಿದು ನೇರವಾಗಿ ಕ್ಲೋನ್ ಹಚ್ಚಿದೆ. ಹಳೇ ಡಿಸ್ಕಲ್ಲಿರೋದನ್ನೆಲ್ಲ ಹಾಗೇ ಹೊಸದಕ್ಕೆ ಇಳಿಸೋದು. 37 ಪರ್ಸೆಂಟ್‌ಗೆ ನಿಂತುಬಿಡ್ತು. ಅರ್ಧ ಗಂಟೆ ಆದ್ರೂ ಮುಂದಕ್ಕೆ ಹೋಗ್ತಿಲ್ಲ. ಕಿವಿಗೊಟ್ಟು ಕೇಳಿದ್ರೆ ಟಿಕ್, ಟಿಕ್, ಟಿಕ್.

ಆ ಸದ್ದು ನನಗೆ ಗೊತ್ತು. ಕೈ ತಣ್ಣಗಾಯ್ತು. ಕ್ಲೋನ್ ನಿಲ್ಲಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ಡಿಸ್ಕಿನ ಸ್ಮಾರ್ಟ್ ವರದಿ ನೋಡಿದೆ. ಅದರಲ್ಲಿ ಎರಡು ಸಾಲು ಮುಖ್ಯ. 05 ಅನ್ನೋದು ಕೆಟ್ಟುಹೋಗಿ ಬದಲಿ ಜಾಗ ಕೊಟ್ಟಿರೋ ಸೆಕ್ಟರ್‌ಗಳ ಲೆಕ್ಕ, ಸಿ5 ಅನ್ನೋದು ಓದೋಕೆ ಆಗದೆ ಬಾಕಿ ನಿಂತಿರೋ ಸೆಕ್ಟರ್‌ಗಳ ಲೆಕ್ಕ. ಎರಡೂ ಸೊನ್ನೆ ಇರಬೇಕು. ಅಪ್ಪನ ಡಿಸ್ಕಲ್ಲಿ ಎರಡೂ ನೂರು ದಾಟಿತ್ತು.

ಅಂದ್ರೆ ಒಂದೂವರೆ ವರ್ಷದಿಂದ ಆ ಲ್ಯಾಪ್‌ಟಾಪ್ ಬರೀ ವಯಸ್ಸಾಗಿ ನಿಧಾನ ಆಗಿರಲಿಲ್ಲ. ಕೆಟ್ಟ ಸೆಕ್ಟರ್ ಸಿಕ್ಕಿದಾಗ ಡಿಸ್ಕ್ ಅದನ್ನ ಮತ್ತೆ ಮತ್ತೆ ಓದೋಕೆ ನೋಡುತ್ತೆ, ಅಷ್ಟು ಹೊತ್ತು ಇಡೀ ಕಂಪ್ಯೂಟರ್ ಕಾಯ್ತಾ ಕೂರುತ್ತೆ. ಅಪ್ಪ “ತಡಾ ಮಾಡಾಕತ್ತೈತಿ” ಅಂದಿದ್ದು ಅದನ್ನೇ. ಅದೇ ಮಾತು ಆಫೀಸಿನ ಸರ್ವರ್ ಹೇಳಿದ್ರೆ ರಾತ್ರಿ ಎರಡಕ್ಕೆ ಎದ್ದು ಕೂರ್ತೀನಿ. ಅಪ್ಪ ಹೇಳಿದಾಗ ರೀಸ್ಟಾರ್ಟ್ ಮಾಡಿ ಅಂದೆ.

ಆಮೇಲೆ ಮಾಡಿದ್ದನ್ನ ಕ್ರಮವಾಗಿ ಹೇಳ್ತೀನಿ, ನಿಮಗೆ ಬೇಕಾಗಬಹುದು. ಮೊದಲು ಡಿಸ್ಕಿಗೆ ಏನೂ ಬರೆಯೋದನ್ನ ನಿಲ್ಲಿಸಿದೆ. ಸಾಯ್ತಿರೋ ಡಿಸ್ಕ್ ಮೇಲೆ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ರಿಪೇರಿ ಮಾಡೋಕೆ ಹೋಗಿ ಇರೋದನ್ನೂ ಕಳೆಯಬಹುದು. ಪೇಟೆಯಿಂದ 2 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ತಂದೆ. ನನ್ನ ಲ್ಯಾಪ್‌ಟಾಪನ್ನ ಲಿನಕ್ಸ್ ಪೆನ್‌ಡ್ರೈವ್‌ನಿಂದ ಶುರು ಮಾಡಿ, ಹಾಡಿನ ಫೋಲ್ಡರಲ್ಲಿ ಓದೋಕೆ ಆಗೋದನ್ನೆಲ್ಲ ಮೊದಲು ಕಾಪಿ ಮಾಡಿದೆ. ಆಮೇಲೆ ಡಿಡಿರೆಸ್ಕ್ಯೂ ಹಚ್ಚಿದೆ. ಅದು ಜಾಣ ಸಾಧನ. ಸುಲಭವಾಗಿ ಓದೋಕೆ ಆಗೋ ಭಾಗವನ್ನ ಮೊದಲು ತಗೊಂಡು, ಕೆಟ್ಟ ಜಾಗ ಬಿಟ್ಟು ಮುಂದೆ ಹೋಗುತ್ತೆ, ಕೊನೆಗೆ ವಾಪಸ್ ಬಂದು ಕೆಟ್ಟ ಜಾಗವನ್ನ ಕೆರೆಯುತ್ತೆ. ಎಲ್ಲಿವರೆಗೆ ಆಯ್ತು ಅಂತ ಒಂದು ಫೈಲಲ್ಲಿ ಬರೆದಿಡೋದ್ರಿಂದ ಕರೆಂಟ್ ಹೋದ್ರೂ ಅಲ್ಲಿಂದಲೇ ಮುಂದುವರಿಸಬಹುದು. ಹಬ್ಬದ ಎರಡು ರಾತ್ರಿ ಅದು ಓಡ್ತಾನೇ ಇತ್ತು. ಅಪ್ಪ ನಡುನಡುವೆ ಬಂದು ನೋಡಿ, ಏನೂ ಕೇಳದೆ ಹೋಗ್ತಿದ್ರು.

ಒಟ್ಟು 186 ರೆಕಾರ್ಡಿಂಗ್. 179 ಸರಿಯಾಗಿ ಸಿಕ್ಕಿದ್ವು. ನಾಲ್ಕು ಅರ್ಧರ್ಧ. ಮೂರು ಬರಲೇ ಇಲ್ಲ. ಆ ಮೂರರಲ್ಲಿ ಎರಡು, ಅಪ್ಪನ ಸೋದರತ್ತೆ ಹಾಡಿದ ಬೀಸೋ ಪದ. ಅವರು ತೀರಿಕೊಂಡು ಎರಡು ವರ್ಷ ಆಗಿತ್ತು. ನಾನು ಹೇಗೆ ಹೇಳೋದು ಅಂತ ಒದ್ದಾಡ್ತಿದ್ದಾಗ ಅಪ್ಪನೇ ಅಂದ್ರು: “ಹಾಡು ನನಗ ಬರ್ತೈತಿ, ಬರದ ಇಡ್ತೀನಿ. ಆಕಿ ದನಿ ಎಲ್ಲಿಂದ ತರೂದು.”

ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಮಿಕ್ಕ ಕೆಲಸ ಸುಲಭ. ಬ್ಯಾಟರಿ ತೆಗೆದು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಹೋಗಿಸಿ, ಹಿಂದಿನ ಮುಚ್ಚಳ ಬಿಚ್ಚೋದು. ಸ್ಕ್ರೂಗಳು ಒಂದೊಂದು ಒಂದೊಂದು ಉದ್ದ ಇರ್ತವೆ. ಅಪ್ಪ ಒಂದು ಹಾಳೆ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪಿನಿಂದ ಅಂಟಿಸಿಟ್ರು. ಮೇಷ್ಟ್ರು ಬುದ್ಧಿ. ನನ್ನ ಎಂಟೆಕ್‌ಗೆ ಅದು ಹೊಳೆದಿರಲಿಲ್ಲ. ಹಳೇ ಡಿಸ್ಕ್ ಎಳೆದು, ಅದರ ತಗಡಿನ ಚೌಕಟ್ಟಿಗೆ ಎಸ್‌ಎಸ್‌ಡಿ ಕೂರಿಸಿ, ತಳ್ಳಿದ್ರೆ ಮುಗೀತು. ಜೊತೆಗೆ 4 ಜಿಬಿ ರ‍್ಯಾಮ್ ಇನ್ನೊಂದು ಹಾಕಿದೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ರ‍್ಯಾಮ್ ಕಮ್ಮಿ ಇದ್ರೆ ಎಸ್‌ಎಸ್‌ಡಿ ಹಾಕಿದ್ರೂ ಬ್ರೌಸರ್ ತೆವಳುತ್ತೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಈ ಲ್ಯಾಪ್‌ಟಾಪಿನ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್ ಹಾಕಿದೆ. ಕನ್ನಡಕ್ಕೆ ಕೆಜಿಪಿ ಕೀಲಿಮಣೆ ಹಾಕಿಕೊಟ್ಟೆ. ನುಡಿಯ ಕೀಲಿ ವಿನ್ಯಾಸವೇ ಅದು, ಅಪ್ಪನ ಬೆರಳಿಗೆ ಹೊಸದೇನೂ ಕಲಿಯೋದಿರಲಿಲ್ಲ. ಹಳೇ ನುಡಿ ಫಾಂಟಿನ ಫೈಲುಗಳನ್ನ ಮಾತ್ರ ಯೂನಿಕೋಡ್‌ಗೆ ಬದಲಾಯಿಸಬೇಕಾಯ್ತು. ಮೊದಲು ಬಟನ್ ಒತ್ತಿ ಬ್ರೌಸರ್ ತೆರೆಯೋಕೆ ಆರು ನಿಮಿಷ ಆಗ್ತಿತ್ತು. ಈಗ ಒಂದು ನಿಮಿಷಾನೂ ಬೇಡ.

ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತಂತೆ ಅಂತ ಬಹಳ ಜನ ಕೇಳ್ತಾರೆ. 500 ಜಿಬಿ ಡ್ರೈವಿನ ಮೇಲೆ 300 ಟಿಬಿಡಬ್ಲ್ಯೂ ಅಂತಿದ್ರೆ, ಒಟ್ಟು 300 ಟಿಬಿ ಬರೆಯೋವರೆಗೆ ಕಂಪನಿ ಗ್ಯಾರಂಟಿ ಅಂತ ಅರ್ಥ. ದಿನಕ್ಕೆ 20 ಜಿಬಿ ಬರೆದ್ರೂ 300 ಟಿಬಿ ಮುಟ್ಟೋಕೆ 40 ವರ್ಷ ಬೇಕು. ಬರೆದು ಬರೆದು ಸವೆಯೋ ಚಿಂತೆ ಮನೆ ಬಳಕೆಗೆ ಇಲ್ಲ. ಚಿಂತೆ ಮಾಡಬೇಕಾದ್ದು ಬೇರೆ. ಹಾರ್ಡ್ ಡಿಸ್ಕ್ ಸಾಯೋ ಮುಂಚೆ ಟಿಕ್ ಟಿಕ್ ಅನ್ನುತ್ತೆ, ನಿಧಾನ ಆಗುತ್ತೆ. ಎಸ್‌ಎಸ್‌ಡಿ ಎಷ್ಟೋ ಸಲ ಏನೂ ಹೇಳದೆ ಒಂದಿನ ಸುಮ್ಮನಾಗುತ್ತೆ. ಟ್ರಿಮ್ ಅನ್ನೋ ವ್ಯವಸ್ಥೆ ಇರೋದ್ರಿಂದ, ಅಳಿಸಿದ ಫೈಲ್ ವಾಪಸ್ ತರೋದೂ ಹಾರ್ಡ್ ಡಿಸ್ಕಿಗಿಂತ ಕಷ್ಟ. ಕರೆಂಟ್ ಇಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿ ಇಡೋಕಂತೂ ಅದು ಸರಿಯಾದ ವಸ್ತು ಅಲ್ಲ. ಎಸ್‌ಎಸ್‌ಡಿ ಕೊಡೋದು ವೇಗ. ಭದ್ರತೆ ಬೇಕಂದ್ರೆ ಇನ್ನೊಂದು ಪ್ರತಿ ಇರಬೇಕು. ಅಪ್ಪನ ಹಾಡುಗಳು ಈಗ ಮೂರು ಕಡೆ ಇವೆ: ಲ್ಯಾಪ್‌ಟಾಪಲ್ಲಿ, ಊರಿನ ಎಕ್ಸ್‌ಟರ್ನಲ್ ಡಿಸ್ಕಲ್ಲಿ, ಪುಣೆಯ ನನ್ನ ಮನೇಲಿ.

ಕೊನೆಗೆ ನಿಮ್ಮ ಹತ್ತಿರ ಕೇಳೋದಿಷ್ಟು. ಮುಂದಿನ ಸಲ ಊರಿಗೆ ಹೋಗೋವಾಗ ಎಸ್‌ಎಸ್‌ಡಿ ತಗೊಂಡು ಹೋಗಿ, ಖಂಡಿತ ಹಾಕಿ. ಆದ್ರೆ ಸ್ಕ್ರೂಡ್ರೈವರ್ ಮುಟ್ಟೋ ಮುಂಚೆ ಸ್ಮಾರ್ಟ್ ವರದಿ ನೋಡಿ. ಕ್ಲೋನ್ ಹಚ್ಚೋ ಮುಂಚೆ ಮುಖ್ಯವಾದ ಫೋಲ್ಡರ್ ಬೇರೆ ಕಡೆ ಕಾಪಿ ಮಾಡಿ. ಮತ್ತೆ ಊರಿಂದ ಅಪ್ಪ ಅಮ್ಮ ಫೋನ್ ಮಾಡಿ “ಕಂಪ್ಯೂಟರ್ ಭಾಳ ತಡಾ ಮಾಡಾಕತ್ತೈತಿ” ಅಂದ್ರೆ, ರೀಸ್ಟಾರ್ಟ್ ಮಾಡಿ ಅನ್ನಬೇಡಿ. ಅದೊಂದು ಅಲರ್ಟ್. ಅವತ್ತೇ ನೋಡಿ.

ಅಪ್ಪ ಮತ್ತೆ ಹಳ್ಳಿಗೆ ಹೋಗೋಕೆ ಶುರು ಮಾಡಿದ್ದಾರೆ. ಹೋದ ವಾರ ಎರಡು ಹೊಸ ಹಂತಿ ಪದ ಬಂದಿವೆ. ನಾನಿನ್ನೂ ಕೇಳಿಲ್ಲ, ಆದ್ರೆ ಕಾಪಿ ಮಾಡ್ಕೊಂಡಿದೀನಿ.