ಸಕ್ಕರೆ ಆನೆ ಕರಗಿದರೂ ಅಚ್ಚು ಉಳಿಯುತ್ತದೆ

ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಪೇಟೆಗಳಲ್ಲಿ ಅಂಗಡಿಗಳ ಮುಂದೆ ಹಲಗೆಗಳು ಬೀಳುತ್ತವೆ. ಅವುಗಳ ಮೇಲೆ ಆನೆ, ಒಂಟೆ, ನವಿಲು, ಬಸವಣ್ಣ, ತೇರು, ಗೋಪುರ ಸಾಲಾಗಿ ನಿಲ್ಲುತ್ತವೆ. ಎಲ್ಲವೂ ಸಕ್ಕರೆಯವು. ಬಿಳಿ, ಹಳದಿ, ಗುಲಾಬಿ ಬಣ್ಣದ ಈ ಗೊಂಬೆಗಳನ್ನು ಕೊಳ್ಳುವವರು ಕಿಲೋ ಲೆಕ್ಕದಲ್ಲಿ ತೂಗಿಸಿಕೊಂಡು, ಸೊಂಡಿಲು ಮುರಿಯದಂತೆ ಹುಷಾರಾಗಿ ಮನೆಗೆ ಒಯ್ಯುತ್ತಾರೆ. ಸಂಜೆ ಹೆಣ್ಣುಮಕ್ಕಳು ಹೊಸ ಬಟ್ಟೆ ಉಟ್ಟು, ತಾಟಿನಲ್ಲಿ ಗೊಂಬೆಗಳನ್ನು ಜೋಡಿಸಿ, ನಡುವೆ ದೀಪ ಹಚ್ಚಿಟ್ಟು, ಗೌರಿಯ ಮುಂದೆ ಹಾಡುತ್ತ ಬೆಳಗುತ್ತಾರೆ. ಉತ್ತರ ಕರ್ನಾಟಕದ ಮಂದಿ ಇದನ್ನು ಸಕ್ಕರೆ ಆರತಿ ಎನ್ನುತ್ತಾರೆ. ಮಾತಿನಲ್ಲಿ ಅದು ಸಕ್ರಿ ಆರತಿ.

ಕಾರ್ತಿಕದ ಈ ಹುಣ್ಣಿಮೆ ಮದುವೆ ನಿಶ್ಚಯವಾದ ಮನೆಗಳಲ್ಲಿ ಇನ್ನೂ ದೊಡ್ಡದು. ಗಂಡಿನ ಕಡೆಯವರು ಸಕ್ಕರೆ ಆರತಿ, ಸೀರೆ, ಹೂವಿನ ದಂಡಿ ತೆಗೆದುಕೊಂಡು ಬೀಗರ ಮನೆಗೆ ಹೋಗುತ್ತಾರೆ. ಇಳಕಲ್ಲಿನ ತೋಪು ತೆನೆಯ ಸೆರಗು, ಗುಳೇದಗುಡ್ಡದ ಖಣ, ಅವುಗಳ ಪಕ್ಕದಲ್ಲೊಂದು ಸಕ್ಕರೆಯ ತೇರು: ಒಂದೇ ತಾಟಿನಲ್ಲಿ ಈ ಸೀಮೆಯ ಮೂರು ಕೈಕೆಲಸ ಕೂಡುತ್ತವೆ.

ನಾಲ್ಕಾರು ದಿನಗಳಲ್ಲಿ ಆನೆ, ಒಂಟೆಗಳೆಲ್ಲ ಮಕ್ಕಳ ಬಾಯಿಗೋ ಚಹಾದ ಪಾತ್ರೆಗೋ ಸೇರಿ ಮುಗಿದುಹೋಗುತ್ತವೆ. ಉಳಿಯುವುದು ಎರಡೇ ವಸ್ತು. ಗೊಂಬೆ ಎರೆದ ಕಟ್ಟಿಗೆಯ ಅಚ್ಚು ಮತ್ತು ಗೊಂಬೆ ಹೊತ್ತ ಹಿತ್ತಾಳೆಯ ತಾಟು. ಹಳೆಯ ವಸ್ತು ಕೂಡಿಡುವವರ ಕಣ್ಣು ಇವುಗಳ ಮೇಲೆ ಬೀಳಬೇಕಾದಷ್ಟು ಬಿದ್ದಿಲ್ಲ.

ಅಚ್ಚನ್ನು ಕೈಯಲ್ಲಿ ಹಿಡಿದರೆ ಮೊದಲು ತಿಳಿಯುವುದು ಅದರ ತೂಕ. ಒಳ್ಳೆಯ ಅಚ್ಚು ಸಾಗವಾನಿಯದು. ಬಿಸಿ ಪಾಕ, ನೀರು, ಮತ್ತೆ ಒಣಗುವಿಕೆ, ಹೀಗೆ ವರ್ಷ ವರ್ಷವೂ ನಡೆದರೂ ಸಾಗವಾನಿ ಸುಲಭಕ್ಕೆ ಸೊಟ್ಟಗಾಗುವುದಿಲ್ಲ, ಏಕೆಂದರೆ ಆ ಮರದಲ್ಲೇ ಎಣ್ಣೆಯ ಅಂಶವಿದೆ. ಎರಡು ಹೋಳುಗಳ ಒಳಮೈಯಲ್ಲಿ ಗೊಂಬೆಯ ಅರ್ಧರ್ಧ ರೂಪ ತಗ್ಗಾಗಿ ಕೊರೆದಿರುತ್ತದೆ. ಹೋಳುಗಳನ್ನು ಜೋಡಿಸಿ ದಾರದಿಂದ ಬಿಗಿದು, ತೆರೆದ ಬಾಯಿಯಿಂದ ಪಾಕ ಎರೆಯುತ್ತಾರೆ.

ಐಹೊಳೆಯಲ್ಲಿ ನಿಂತು ನೋಡಿದರೆ ಈ ಕೊರೆತದ ಜಾಣತನ ಚೆನ್ನಾಗಿ ಅರ್ಥವಾಗುತ್ತದೆ. ರಾವಣಫಡಿಯ ಗುಹೆಯಲ್ಲಿ ಶಿವ ಕುಣಿಯುತ್ತಾನೆ, ಸುತ್ತ ಸಪ್ತಮಾತೃಕೆಯರು ನಿಂತಿದ್ದಾರೆ. ಆ ಕಲ್ಲುಕುಟಿಗ ಮೂರ್ತಿಯನ್ನು ಉಳಿಸಿಕೊಂಡು ಮಿಕ್ಕ ಕಲ್ಲನ್ನು ತೆಗೆದ. ಅಚ್ಚಿನ ಬಡಿಗ ಮೂರ್ತಿಯನ್ನೇ ತೆಗೆದು ಮಿಕ್ಕ ಕಟ್ಟಿಗೆಯನ್ನು ಬಿಡುತ್ತಾನೆ. ಅವನು ಎಲ್ಲವನ್ನೂ ತಿರುವುಮುರುವಾಗಿ ಯೋಚಿಸಬೇಕು. ಸಕ್ಕರೆಯಲ್ಲಿ ಉಬ್ಬಬೇಕಾದ ಕಣ್ಣು ಕಟ್ಟಿಗೆಯಲ್ಲಿ ತಗ್ಗು, ಎಡಕ್ಕೆ ನೋಡಬೇಕಾದ ನವಿಲು ಅಚ್ಚಿನಲ್ಲಿ ಬಲಕ್ಕೆ. ಇನ್ನೊಂದು ಕಷ್ಟವೂ ಇದೆ. ಕೊರೆತ ಒಳಗೊಳಗೆ ಬಾಗಿದರೆ ಅಚ್ಚು ಬಿಚ್ಚುವಾಗ ಗೊಂಬೆ ಸಿಕ್ಕಿಕೊಂಡು ಮುರಿಯುತ್ತದೆ. ಆದ್ದರಿಂದ ಸಕ್ಕರೆ ಆನೆಯ ಕಾಲು ದಪ್ಪ, ಸೊಂಡಿಲು ಮೈಗೆ ಅಂಟಿದ್ದು, ಕೊಂಬು ಮೊಂಡು. ಒರಟು ಕೆಲಸವೆಂದು ಕೆಲವರು ಇದನ್ನು ತಳ್ಳಿಹಾಕುತ್ತಾರೆ. ಅದು ತಪ್ಪು. ಪಾಕದ ಗುಣ ಬಲ್ಲವನು ಬೇಕೆಂದೇ ಮಾಡಿದ ಆಕಾರವದು.

ಪಾಕದ್ದೇ ಒಂದು ವಿದ್ಯೆ. ಸಕ್ಕರೆಗೆ ನೀರು ಹಾಕಿ ಕುದಿಸುವಾಗ ಸ್ವಲ್ಪ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಸೋಸುತ್ತಾರೆ. 100 ಗ್ರಾಂ ನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಂಡರೆ, ಕುದಿಯುವ ಹೊತ್ತಿಗೆ 480 ಗ್ರಾಂಗೂ ಹೆಚ್ಚನ್ನು ಹಿಡಿದಿಟ್ಟುಕೊಳ್ಳುತ್ತದೆ. ಆರುತ್ತ ಬಂದಂತೆ ಆ ಹೆಚ್ಚಿನ ಸಕ್ಕರೆ ಹೊರಬರಲೇಬೇಕು. ಸುಮ್ಮನೆ ಬಿಟ್ಟರೆ ಕಲ್ಲುಸಕ್ಕರೆಯಂತೆ ದಪ್ಪ ಹರಳು ಕಟ್ಟುತ್ತದೆ. ಪಾತ್ರೆಯ ಅಂಚಿಗೆ ಸೌಟಿನಿಂದ ತಿಕ್ಕಿದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳು ಒಮ್ಮೆಗೇ ಹುಟ್ಟಿ ಪಾಕ ಹಾಲಿನಂತೆ ಬೆಳ್ಳಗಾಗುತ್ತದೆ. ಎರೆಯಬೇಕಾದ್ದು ಆ ಕ್ಷಣದಲ್ಲೇ. ತುಸು ಮುಂಚೆಯಾದರೆ ಗೊಂಬೆ ಗಟ್ಟಿಯಾಗದು, ತಡವಾದರೆ ಪಾಕ ಸೌಟಿನಲ್ಲೇ ಬಿಗಿದುಕೊಳ್ಳುತ್ತದೆ. ಅಚ್ಚನ್ನು ಮೊದಲೇ ನೀರಿನಲ್ಲಿ ನೆನೆಹಾಕಿರುತ್ತಾರೆ. ನೀರು ಕುಡಿದ ಕಟ್ಟಿಗೆಗೆ ಸಕ್ಕರೆ ಅಂಟುವುದಿಲ್ಲ. ತಾಪಮಾಪಕವಿಲ್ಲದೆ, ಬಣ್ಣ ಮತ್ತು ಸೌಟಿನ ಭಾರ ನೋಡಿಯೇ ಹದ ಹಿಡಿಯುವ ಕೈಗಳು ಈ ಊರುಗಳಲ್ಲಿ ಇಂದಿಗೂ ಇವೆ.

ಸಿಹಿಯ ಅಚ್ಚು, ಸಿಹಿಯ ಬಟ್ಟಲು ಕೂಡಿಡುವ ಹವ್ಯಾಸ ಲೋಕದ ಬೇರೆ ಕಡೆ ಬಹಳ ಬೆಳೆದಿದೆ. ಜಪಾನಿನಲ್ಲಿ ಒಣ ಸಕ್ಕರೆ ಮಿಠಾಯಿ ಒತ್ತುವ ಚೆರಿ ಮರದ ಅಚ್ಚುಗಳಿಗೆ ಕಶಿಗಾತಾ ಎಂದು ಹೆಸರು. ಕೆಲಸದಿಂದ ನಿವೃತ್ತಿಯಾದ ಹಳೆಯ ಕಶಿಗಾತಾಗಳನ್ನು ಜನ ಹುಡುಕಿ ತಂದು ಗೋಡೆಗೆ ತೂಗುಹಾಕುತ್ತಾರೆ. ಈಜಿಪ್ಟಿನಲ್ಲಿ ಪ್ರವಾದಿಯ ಜನ್ಮದಿನಕ್ಕೆ ಕಟ್ಟಿಗೆಯ ಅಚ್ಚಿನಲ್ಲೇ ಸಕ್ಕರೆಯ ಮದುಮಗಳು, ಕುದುರೆ ಸವಾರ ಮೂಡುತ್ತಾರೆ. ಅಮೆರಿಕದಲ್ಲಿ 1929ರ ನಂತರದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಓಟ್ಸ್ ಡಬ್ಬಿಯೊಳಗೆ, ಸಿನಿಮಾ ಟಿಕೆಟ್ಟಿನ ಜೊತೆಗೆ ಪುಕ್ಕಟೆಯಾಗಿ ಹಂಚಿದ ಅಗ್ಗದ ಬಣ್ಣದ ಗಾಜಿನ ಪಾತ್ರೆಗಳೂ ಮಿಠಾಯಿ ಬಟ್ಟಲುಗಳೂ ಇಂದು ಸಂಗ್ರಾಹಕರ ಕಪಾಟಿನಲ್ಲಿ ಕೂತಿವೆ.

ನಮ್ಮಲ್ಲಿ ಹೀಗೆ ಕೂಡಿಟ್ಟವರು ಇಲ್ಲವೆಂದಲ್ಲ. ಪುಣೆಯಲ್ಲಿ ದಿನಕರ ಕೇಳ್ಕರ್ ಅಡಕತ್ತರಿ, ದೀಪ, ಅಡುಗೆಮನೆಯ ಪಾತ್ರೆ ಕೂಡಿಸಿ ಮ್ಯೂಸಿಯಂ ಕಟ್ಟಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಹಳೆಯ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿದರು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಜಾನಪದ ಲೋಕ ಮಾಡಿದರು. ಅರಮನೆಯ ಸಿಂಹಾಸನದಷ್ಟೇ ಮನೆಯ ಒಲೆ, ಒರಳುಗಳಿಗೂ ಚರಿತ್ರೆ ಇದೆಯೆಂದು ಇವರೆಲ್ಲ ತೋರಿಸಿಕೊಟ್ಟರು.

ಇನ್ನು ತಾಟಿನ ಮಾತು. ಈ ಸೀಮೆಯ ಹಳೆಯ ಮನೆಗಳಲ್ಲಿ ಸಿಹಿ ಹಂಚಲೆಂದೇ ಎತ್ತಿಟ್ಟ ಪಾತ್ರೆಗಳಿರುತ್ತಿದ್ದವು. ಸಕ್ಕರೆ ಆರತಿಗೆ ಅಗಲ ಅಂಚಿನ ಹಿತ್ತಾಳೆ ತಾಟು, ಎಲೆ ಅಡಿಕೆಗೆ ತಬಕ, ಸಂಕ್ರಮಣದ ಕುಸರೆಳ್ಳಿಗೆ ಮುಚ್ಚಳದ ಸಣ್ಣ ಡಬ್ಬಿ. ಕುಸರೆಳ್ಳಿಗೆ ಮುಚ್ಚಳ ಬೇಕೇ ಬೇಕು. ಚಳಿಯ ನಸುಕಿನಲ್ಲಿ ಸಣ್ಣ ಉರಿಯ ಮೇಲೆ ಎಳ್ಳಿಗೆ ಹನಿ ಹನಿ ಪಾಕ ಬಿಟ್ಟು, ಕೈಯಾಡಿಸಿ ಎಬ್ಬಿಸಿದ ಮುಳ್ಳುಗಳು ತೇವ ತಾಕಿದರೆ ಕುಸಿದುಬಿಡುತ್ತವೆ. ಹಾಗೆಯೇ ಐಹೊಳೆಗೆ ಹತ್ತಿರದ ಅಮೀನಗಡದ ಕರದಂಟು. ಕರಿದ ಅಂಟು, ಬೆಲ್ಲ, ಒಣಹಣ್ಣು ಸೇರಿದ ಅದರ ಕಂದು ಬಣ್ಣ ತಿಕ್ಕಿದ ಹಿತ್ತಾಳೆಯ ಮೇಲೆ ಕಾಣುವಷ್ಟು ಚೆಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಂದೂ ಕಾಣದು. ಕಪಾಟಿನ ಅಂದಕ್ಕಾದರೆ ಬೀದರಿನ ಪಾನದಾನವನ್ನೂ ನೆನೆಯಬೇಕು. ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿದ ಲೋಹವನ್ನು ಬೀದರ ಕೋಟೆಯ ಮಣ್ಣು ಕಪ್ಪಾಗಿಸುತ್ತದೆ, ಒಳಗೆ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಸ್ಟೀಲು ಬಂದ ಮೇಲೆ ಇಂಥ ಎಷ್ಟೋ ತಾಟುಗಳು ತೂಕದ ಲೆಕ್ಕದಲ್ಲಿ ಮೋಡಕಾ ಅಂಗಡಿಗೆ ಹೋಗಿ ಕರಗಿದವು. ಅಚ್ಚುಗಳ ಗತಿ ಇನ್ನೂ ಬೇಸರದ್ದು. ಒಂದು ಹೋಳು ಕಳೆದರೆ ಇನ್ನೊಂದು ಒಲೆಗೆ ಹೋಗುತ್ತದೆ. ಒಂಟಿ ಹೋಳು ಕೆಲಸಕ್ಕೆ ಬಾರದು, ನಿಜ. ಆದರೆ ಅದನ್ನು ಗೋಡೆಗೆ ಒರಗಿಸಿ, ಕೆಳಗೊಂದು ದೀಪ ಇಟ್ಟು ನೋಡಬೇಕು. ಬೆಳಕು ಮೇಲಿನಿಂದಲೇ ಬೀಳುತ್ತದೆಂಬುದು ಕಣ್ಣಿನ ರೂಢಿ. ಕೆಳಗಿನ ಬೆಳಕಿಗೆ ಆ ರೂಢಿ ಅದಲುಬದಲಾಗಿ, ತಗ್ಗಿನಲ್ಲಿದ್ದ ಆನೆ ಉಬ್ಬಿ ಎದುರಿಗೆ ಬಂದು ನಿಂತಂತಾಗುತ್ತದೆ. ಪಡಸಾಲೆಗೆ ಇದಕ್ಕಿಂತ ಒಳ್ಳೆಯ ಅಲಂಕಾರ ಪೇಟೆಯಲ್ಲಿ ಸಿಗದು.

ಜೋಪಾನದ ಕ್ರಮ ಸರಳ. ಅಚ್ಚನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಸೀಳುತ್ತದೆ, ಸಕ್ಕರೆ ಉಳಿದರೆ ಇರುವೆ ಮುತ್ತುತ್ತವೆ. ಮುಂದೆ ಗೊಂಬೆ ಎರೆಯುವ ಮನಸ್ಸಿದ್ದರೆ ವಾರ್ನಿಷ್ ಬಳಿಯಲೇಬಾರದು. ಹಿತ್ತಾಳೆಗೆ ಹುಣಸೆಹಣ್ಣು ಸಾಕು, ಅದರ ಹುಳಿ ಕಿಲುಬನ್ನು ಕರಗಿಸುತ್ತದೆ. ಹುಳಿ ಪದಾರ್ಥ ಇಡುವುದಾದರೆ ಮಾತ್ರ ಕಲಾಯಿ ಹಾಕಿಸಬೇಕು.

ಮುಂದಿನ ಗೌರಿ ಹುಣ್ಣಿಮೆಯೊಳಗೆ ಕೇಳುಗರು ಒಮ್ಮೆ ತಮ್ಮ ಮನೆಯ ಅಟ್ಟ ಹತ್ತಿ ನೋಡಲಿ. ಹಳೆಯ ತಾಟು ಸಿಕ್ಕರೆ ಮಾರದಿರಲಿ. ಅಚ್ಚು ಸಿಕ್ಕರೆ ಮನೆಯ ಹಿರಿಯ ಹೆಣ್ಣುಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಾಕದ ಹದ ಕೇಳಿಕೊಂಡು, ಒಂದು ಆನೆಯನ್ನಾದರೂ ಎರೆದು ನೋಡಲಿ.